ಎಣ್ಣೆ ಪದರದ ಲೆಕ್ಕ

ಧಾರವಾಡದಲ್ಲಿ ಎಲುಬಿನ ಡಾಕ್ಟರು ನನ್ನ ಮೊಣಕಾಲಿನ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ತೊಡೆಯ ಎಲುಬಿಗೂ ಕೆಳಗಿನ ಎಲುಬಿಗೂ ನಡುವಿನ ಸಂದಿಯನ್ನು ಪೆನ್ನಿನ ತುದಿಯಿಂದ ತೋರಿಸಿದರು. "ನೋಡ್ರಿ ಅಮ್ಮಾರ, ಒಳಮಗ್ಗಲಿಗೆ ಗ್ಯಾಪ್ ಭಾಳ ಕಡಿಮಿ ಆಗೇದ. ಗ್ರೀಸ್ ತೀರೇದ ಅಂತ ತಿಳ್ಕೋರಿ." ಅವರು ಗುಳಿಗೆ, ವ್ಯಾಯಾಮ, ಕಡೆಗೆ ಆಪರೇಶನ್ ಎಂದು ಒಂದೊಂದಾಗಿ ಹೇಳುತ್ತಿದ್ದರು. ನನ್ನ ಕಣ್ಣು ಆ ಸಂದಿಯ ಮೇಲೇ ನಿಂತಿತ್ತು. ಅದನ್ನು ನಾನು ವರ್ಷಗಟ್ಟಲೆ 'ಎಚ್' ಎಂಬ ಅಕ್ಷರದಿಂದ ಬರೆದವಳು. ಮೇಲಿನ ಎಲುಬು ಒಂದು ಗೋಳ, ಕೆಳಗಿನದು ಸೂಕ್ಷ್ಮ ರಂಧ್ರಗಳಿರುವ ತಟ್ಟೆ, ನಡುವೆ ದ್ರವದ ಒಂದು ಪದರ ಎಂದು ಭಾವಿಸಿ, ಆ ಪದರದ ಒತ್ತಡಕ್ಕೆ ಸಮೀಕರಣ ಬಿಡಿಸಿ ಪ್ರಬಂಧಗಳನ್ನು ಅಚ್ಚು ಹಾಕಿಸಿದವಳು. ಎಲ್ಲವೂ ನಡೆದದ್ದು ಅಹಮದಾಬಾದಿನ ನವರಂಗಪುರದಲ್ಲಿ. ಆ ಪ್ರಬಂಧಗಳ ಪೀಠಿಕೆಯಲ್ಲಿ ಮೊಣಕಾಲಿನ ಹೆಸರು ಒಮ್ಮೆ ಬರುತ್ತಿತ್ತು, ಕೊನೆಯ ಪ್ಯಾರಾದಲ್ಲಿ ಇನ್ನೊಮ್ಮೆ. ನಡುವಿನ ಪುಟಗಳಲ್ಲಿ ಬರೀ ಗಣಿತ. ಅವುಗಳಲ್ಲಿ ಒಂದಾದರೂ ಇಂಥ ಒಬ್ಬ ಡಾಕ್ಟರರ ಮೇಜಿಗೆ ಹೋಗಿ ಮುಟ್ಟಿತೆಂದು ನಾನು ಕೇಳಿಲ್ಲ.

ಮನೆಗೆ ಬಂದಮೇಲೂ ನವರಂಗಪುರ ತಲೆಯಿಂದ ಇಳಿಯಲಿಲ್ಲ.

1973ರ ಬೇಸಗೆಯಲ್ಲಿ ಮದುವೆಯಾಗಿ, ಮಳೆಗಾಲ ಶುರುವಾಗುವ ಹೊತ್ತಿಗೆ ಆ ಊರಿಗೆ ಹೋದೆ. ಕರ್ನಾಟಕ ವಿಶ್ವವಿದ್ಯಾಲಯದ ಗಣಿತದ ಎಂ.ಎಸ್ಸಿ. ಕೈಯಲ್ಲಿತ್ತು, ಗುಜರಾತಿ ಒಂದಕ್ಷರ ಬರುತ್ತಿರಲಿಲ್ಲ. ನಮ್ಮ ಮನೆಯವರು ಗೋಕಾಕ ಫಾಲ್ಸಿನವರು. ಮಾವನವರು ಅಲ್ಲಿಯ ನೂಲಿನ ಗಿರಣಿಯಲ್ಲಿ ದುಡಿದವರು, ಮಗ ಗಿರಣಿಯ ಭೋಂಗಾ ಕೇಳುತ್ತಲೇ ಬೆಳೆದವನು. ಜವಳಿ ಇಂಜಿನಿಯರಿಂಗ್ ಓದಿದ ಹುಡುಗನಿಗೆ ಆಗ ಅಹಮದಾಬಾದಿಗಿಂತ ದೊಡ್ಡ ಊರಿಲ್ಲ. ಸಾಬರಮತಿಯ ಪೂರ್ವದ ದಂಡೆಯಲ್ಲಿ ಗಿರಣಿಗಳ ಚಿಮಣಿಗಳು, ಪಶ್ಚಿಮದ ದಂಡೆಯಲ್ಲಿ ಕಾಲೇಜುಗಳು. ಅವರು ದಿನಾ ಸೇತುವೆ ದಾಟಿ ಆಚೆ ಹೋಗುತ್ತಿದ್ದರು, ನಾನು ಈಚೆ ಉಳಿದೆ.

ನವರಂಗಪುರದಷ್ಟು ಚಿಕ್ಕ ಜಾಗದಲ್ಲಿ ಅಷ್ಟೊಂದು ವಿದ್ಯೆ ಒಟ್ಟಾಗಿರುವುದನ್ನು ನಾನು ಬೇರೆಲ್ಲೂ ನೋಡಿಲ್ಲ. 1949ರಲ್ಲಿ ಶುರುವಾದ ಗುಜರಾತ್ ವಿಶ್ವವಿದ್ಯಾಲಯದ ಆವರಣ, ಅದರ ಆಸುಪಾಸಿನಲ್ಲೇ ಎಲ್.ಡಿ. ಇಂಜಿನಿಯರಿಂಗ್ ಕಾಲೇಜು, ಸೇಂಟ್ ಝೇವಿಯರ್ಸ್, ವಿಕ್ರಮ್ ಸಾರಾಭಾಯಿ 1947ರಲ್ಲಿ ಕಟ್ಟಿದ ಭೌತ ಸಂಶೋಧನಾ ಪ್ರಯೋಗಾಲಯ, ಮಕ್ಕಳಿಗೆ ವಿಜ್ಞಾನ ಕಲಿಸಲೆಂದು ಅವರೇ ತೆರೆದ ಸಮುದಾಯ ವಿಜ್ಞಾನ ಕೇಂದ್ರ. ಆ ಭೌತ ಪ್ರಯೋಗಾಲಯವನ್ನು ಎಲ್ಲರೂ ಪಿಆರ್‌ಎಲ್ ಅನ್ನುತ್ತಿದ್ದರು. ಉಡುಪಿ ಹತ್ತಿರದ ಅದಮಾರಿನಿಂದ ಬಂದ ಯು. ಆರ್. ರಾವ್ ಸಾರಾಭಾಯಿಯವರ ಶಿಷ್ಯರಾಗಿ ಪಿಎಚ್.ಡಿ. ಮಾಡಿದ್ದು ಅಲ್ಲಿಯೇ. ಹಾಗಾಗಿ ಕನ್ನಡ ಕಿವಿಗೆ ಬೀಳುವುದು ಆ ಓಣಿಗಳಲ್ಲಿ ಅಪರೂಪವೇನಲ್ಲ. ಆದರೆ ಅವರೆಲ್ಲ ಆಕಾಶದ ಕಡೆ ನೋಡುವವರು. ನನ್ನ ಪಾಲಿಗೆ ಬಂದದ್ದು ಎಣ್ಣೆ ಮತ್ತು ಲೋಹ.

ನಾನು ಹೋದ ವರ್ಷವೇ ಡಿಸೆಂಬರಿನಲ್ಲಿ ಎಲ್.ಡಿ. ಕಾಲೇಜಿನ ಹುಡುಗರು ಹಾಸ್ಟೆಲ್ ಮೆಸ್ ಬಿಲ್ಲು ಏರಿದ್ದಕ್ಕೆ ಮುಷ್ಕರ ಹೂಡಿದರು. ಜನವರಿಯಲ್ಲಿ ಅದು ವಿಶ್ವವಿದ್ಯಾಲಯಕ್ಕೆ ಹಬ್ಬಿತು, ಆಮೇಲೆ ಇಡೀ ರಾಜ್ಯಕ್ಕೆ. ನವನಿರ್ಮಾಣ ಆಂದೋಲನ. 1974ರ ಫೆಬ್ರವರಿ 9ರಂದು ಮುಖ್ಯಮಂತ್ರಿ ಚಿಮನ್‌ಭಾಯಿ ಪಟೇಲ್ ರಾಜೀನಾಮೆ ಕೊಡುವ ತನಕ ಕರ್ಫ್ಯೂ ಏಳುವುದು, ಬೀಳುವುದು. ಆ ದಿನಗಳಲ್ಲಿ ಪಕ್ಕದ ಮನೆಯ ಅಮ್ಮ (ಅಲ್ಲಿ 'ಬಾ' ಅನ್ನುತ್ತಾರೆ) ನನಗೆ ಗುಜರಾತಿ ಕಲಿಸಿದರು. ಗೋಡೆಯಾಚೆಯಿಂದ ತರಕಾರಿ ಹೆಸರು ಹೇಳಿ, ನಾನು ತಿರುಗಿ ಹೇಳಿದ ಮೇಲೆಯೇ ಬಟ್ಟಲು ದಾಟಿಸುತ್ತಿದ್ದರು. ಅವರು ನಾಲ್ಕನೇ ಇಯತ್ತೆ ಓದಿದವರು. ನನ್ನ ಜೀವನದ ಒಳ್ಳೆಯ ಶಿಕ್ಷಕರ ಪಟ್ಟಿ ಬರೆದರೆ ಆ ಬಾ ಮೊದಲ ಸಾಲಿನಲ್ಲಿರುತ್ತಾರೆ. ತಪ್ಪು ಉಚ್ಚಾರಕ್ಕೆ ಒಮ್ಮೆಯೂ ನಗಲಿಲ್ಲ, ಸರಿಯಾಗುವ ತನಕ ಒಮ್ಮೆಯೂ ಬಿಡಲಿಲ್ಲ.

ಆ ಗುಜರಾತಿ ನನ್ನ ಅನ್ನವಾಯಿತು. ಮುಂದಿನ ವರ್ಷ ಒಂದು ಕಾಲೇಜಿನಲ್ಲಿ ಗಣಿತದ ಲೆಕ್ಚರರ್ ಕೆಲಸ ಸಿಕ್ಕಾಗ ಬಿ.ಎಸ್ಸಿ. ತರಗತಿಗಳಿಗೆ ಗುಜರಾತಿಯಲ್ಲೇ ಪಾಠ ಹೇಳಬೇಕೆಂದರು. ಬೋಧನೆಯ ಭಾಷೆಯ ಜಗಳ ಆ ವಿಶ್ವವಿದ್ಯಾಲಯದಲ್ಲಿ ಹಳೆಯದು. ಗುಜರಾತಿ ಅಥವಾ ಹಿಂದಿಯಲ್ಲೇ ಕಲಿಸಬೇಕೆಂದು ವಿಶ್ವವಿದ್ಯಾಲಯ ಹೊರಟಾಗ ಒಬ್ಬ ವಿದ್ಯಾರ್ಥಿಯ ಪರವಾಗಿ ಮೊಕದ್ದಮೆ ಸುಪ್ರೀಂ ಕೋರ್ಟಿಗೆ ಹೋಗಿ, ಹಾಗೆ ಒಂದೇ ಭಾಷೆಯನ್ನು ಹೇರುವ ಅಧಿಕಾರ ಅದಕ್ಕಿಲ್ಲವೆಂದು 1962ರಲ್ಲಿ ತೀರ್ಪು ಬಂದಿತ್ತು. ಕಾನೂನು ಏನೇ ಹೇಳಲಿ, ನನ್ನ ಎದುರು ಬೆಂಚಿನಲ್ಲಿ ಕೂತವರು ಬನಾಸಕಾಂಠಾದಿಂದ, ಸಾಣಂದದಿಂದ, ನದಿಯಾಚೆಯ ಗೋಮತಿಪುರದಿಂದ ಬಂದ ಮಕ್ಕಳು. ಅವರಿಗೆ ಇಂಗ್ಲಿಷಿನಲ್ಲಿ ಲಿಮಿಟ್ಟಿನ ಪಾಠ ಹೇಳಿದರೆ ಬರೆದುಕೊಳ್ಳುತ್ತಿದ್ದರು, ತಿಳಿದುಕೊಳ್ಳುತ್ತಿರಲಿಲ್ಲ. ನಾನು ಹನ್ನೊಂದನೆಯ ತರಗತಿಯ ಗುಜರಾತಿ ಗಣಿತ ಪುಸ್ತಕ ತಂದು ರಾತ್ರಿಯೆಲ್ಲ ಓದಿದೆ. ಅರ್ಧ ಕಲಿತ ಭಾಷೆಯಲ್ಲಿ ಅಲಂಕಾರಕ್ಕೆ ಎಡೆಯಿಲ್ಲ. ಧಾರವಾಡದಲ್ಲಿ ನಾನು ಸರಾಗವಾಗಿ ಉದುರಿಸುತ್ತಿದ್ದ ಎಷ್ಟೋ ವಾಕ್ಯಗಳ ಒಳಗೆ ನಿಜವಾಗಿ ಏನಿದೆ ಎಂದು ಅಲ್ಲಿ ಮೊದಲ ಸಲ ಹುಡುಕಬೇಕಾಯಿತು.

ಆಗ ವಿಶ್ವವಿದ್ಯಾಲಯದ ರಸ್ತೆಯಲ್ಲಿ ಸೈಕಲ್ ಮೇಲೆ ಹೋಗುವ ಒಬ್ಬ ಹಿರಿಯರನ್ನು ಜನ ನಿಂತು ನಮಸ್ಕರಿಸುತ್ತಿದ್ದರು. ಖಾದಿ, ಗಾಂಧಿ ಟೋಪಿ. ಪ್ರಹ್ಲಾದ್ ಚುನಿಲಾಲ್ ವೈದ್ಯ. 1978ರಲ್ಲಿ ಗುಜರಾತ್ ವಿಶ್ವವಿದ್ಯಾಲಯದ ಕುಲಪತಿಯಾದ ಮೇಲೂ ಅವರು ಸೈಕಲ್ ಬಿಡಲಿಲ್ಲ. ಅವರ ಹೆಸರು ಜಗತ್ತಿನ ಸಾಪೇಕ್ಷತಾ ಸಿದ್ಧಾಂತದ ಪುಸ್ತಕಗಳಲ್ಲಿ 'ವೈದ್ಯ ಮೆಟ್ರಿಕ್' ಎಂದು ನಿಂತಿದೆ. ಐನ್‌ಸ್ಟೈನರ ಸಮೀಕರಣಗಳಿಗೆ ಶ್ವಾರ್ಟ್ಸ್‌ಶೀಲ್ಡ್ ಕೊಟ್ಟ ಉತ್ತರದಲ್ಲಿ ನಕ್ಷತ್ರಕ್ಕೆ ಬೆಳಕಿಲ್ಲ, ಅದು ಸುಮ್ಮನೆ ತೂಕ ಮಾತ್ರ. ನಿಜವಾದ ನಕ್ಷತ್ರ ಬೆಳಕು ಚೆಲ್ಲುತ್ತದೆ, ಚೆಲ್ಲುತ್ತ ತೂಕ ಕಳೆದುಕೊಳ್ಳುತ್ತದೆ. ಆ ನಕ್ಷತ್ರದ ಹೊರಗಿನ ಗುರುತ್ವ ಹೇಗಿರುತ್ತದೆ? ಬನಾರಸದಲ್ಲಿ ವಿ. ವಿ. ನಾರ್ಳೀಕರ್ ಅವರ ಬಳಿ ಕಲಿಯುತ್ತ ವೈದ್ಯರು ಇದನ್ನು ಬಿಡಿಸಿದರು. 1943ರಲ್ಲಿ ಅದು ಅಚ್ಚಾದದ್ದು ನಮ್ಮ ಬೆಂಗಳೂರಿನಿಂದ ಹೊರಡುವ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ. ಇಪ್ಪತ್ತು ವರ್ಷ ಅದನ್ನು ಹೆಚ್ಚು ಜನ ಕೇಳಲಿಲ್ಲ. 1960ರ ದಶಕದಲ್ಲಿ ಕ್ವೇಸಾರ್‌ಗಳು ಕಂಡು, ಕುಸಿಯುವ ಭಾರೀ ನಕ್ಷತ್ರಗಳ ಪ್ರಶ್ನೆ ಎದ್ದಾಗ ಎಲ್ಲರಿಗೂ ಅದೇ ಬೇಕಾಯಿತು. ಅಷ್ಟು ಕಾಲ ವೈದ್ಯರು ಕಾಲೇಜುಗಳಲ್ಲಿ ಗಣಿತ ಕಲಿಸಿಕೊಂಡಿದ್ದರು. ಗುಜರಾತ್ ಗಣಿತ ಮಂಡಳ ಕಟ್ಟಿದರು, 'ಸುಗಣಿತಂ' ಎಂಬ ಗುಜರಾತಿ ಗಣಿತ ಪತ್ರಿಕೆಯನ್ನು ಶಾಲೆಯ ಮಾಸ್ತರರ ಕೈಗೆ ಮುಟ್ಟಿಸಿದರು. ತಮ್ಮನ್ನು ಮೊದಲು ಶಿಕ್ಷಕ ಎಂದೇ ಕರೆದುಕೊಂಡವರು. 1979ರ ನನ್ನ ಪಿಎಚ್.ಡಿ. ಪ್ರಮಾಣಪತ್ರದ ಕೆಳಗೆ ಅವರ ಸಹಿ ಇದೆ. ಅದನ್ನು ಚೌಕಟ್ಟು ಹಾಕಿಸಿ ಇಟ್ಟುಕೊಂಡಿದ್ದೇನೆ. ಪದವಿಗಿಂತ ಸಹಿಯ ಮೇಲಿನ ಗೌರವ ಅದು.

ವೈದ್ಯರ ಕೆಲಸದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಒಂದು ಪ್ರಶ್ನೆ: ನಿಜವಾದ ನಕ್ಷತ್ರ ಹೀಗಿರುವುದಿಲ್ಲವಲ್ಲ? ಲೆಕ್ಕಕ್ಕೆ ಅನುಕೂಲವೆಂದು ಬಿಟ್ಟದ್ದನ್ನು ಅವರು ಮತ್ತೆ ಒಳಗೆ ತಂದರು. ಅನ್ವಯಿಕ ಗಣಿತ ಎಂದು ಹೆಸರಿಟ್ಟುಕೊಂಡ ನಾವು ಮಾಡಬೇಕಿದ್ದದ್ದೂ ಅದೇ.

ನನ್ನ ವಿಷಯ ರಂಧ್ರಮಯ ಬೇರಿಂಗುಗಳಲ್ಲಿ ಎಣ್ಣೆಯ ಹರಿವು. ತಿರುಗುವ ದಂಡ ಮತ್ತು ಅದನ್ನು ಹಿಡಿದ ಬುಶ್ಶಿನ ನಡುವೆ ಕೂದಲಿಗಿಂತ ತೆಳುವಾದ ಎಣ್ಣೆ ಪದರ ಇರುತ್ತದೆ, ಭಾರವನ್ನೆಲ್ಲ ಆ ಪದರವೇ ಹೊರುತ್ತದೆ. ಈ ಸಂಗತಿ ತಿಳಿದದ್ದು ಯಾರೋ ಸಮೀಕರಣ ಬರೆದು ಅಲ್ಲ. 1883ರ ಸುಮಾರಿಗೆ ಇಂಗ್ಲೆಂಡಿನಲ್ಲಿ ಬೋಶಾಂಪ್ ಟವರ್ ಎಂಬ ಇಂಜಿನಿಯರ್ ರೈಲುಗಾಡಿಯ ಬೇರಿಂಗನ್ನು ಪರೀಕ್ಷಿಸುತ್ತ, ಎಣ್ಣೆ ಹಾಕಲು ಮೇಲೆ ಒಂದು ತೂತು ಕೊರೆದರು. ಎಣ್ಣೆ ಒಳಗೆ ಹೋಗುವ ಬದಲು ತೂತಿನಿಂದ ಮೇಲಕ್ಕೆ ಉಕ್ಕಿತು. ಬೂಚು ಜಡಿದರು, ಬೂಚನ್ನೂ ತಳ್ಳಿ ಹೊರಗೆ ಬಂತು. ಒಳಗೆ ಅಂಥ ಒತ್ತಡ ಎಲ್ಲಿಂದ ಎಂದು ಆಸ್ಬರ್ನ್ ರೆನಾಲ್ಡ್ಸ್ 1886ರಲ್ಲಿ ಸಮೀಕರಣ ಬರೆದರು. ನನ್ನ ಗೈಡ್ ಮೊದಲ ದಿನವೇ ಈ ಕಥೆ ಹೇಳಿದ್ದರು, ಕಣ್ಣಲ್ಲಿ ಬೆಳಕು ತುಂಬಿಕೊಂಡು. ಬಹಳ ಒಳ್ಳೆಯವರು. ಕಾಗದ ಕೊಳ್ಳಲು ದುಡ್ಡಿಲ್ಲದ ವಿದ್ಯಾರ್ಥಿಗೆ ತಾವೇ ತಂದುಕೊಡುವವರು, ಹೆಣ್ಣುಮಗಳು ಸಂಜೆ ಬೇಗ ಮನೆ ಮುಟ್ಟಬೇಕೆಂದು ತಾವೇ ನನ್ನ ಮನೆಯ ಕಡೆ ಬಂದು ಕರಡು ತಿದ್ದಿದವರು. ಆದರೆ ಬೂಚಿನ ಕಥೆ ಮುಗಿದ ಮೇಲೆ ನಾವಿಬ್ಬರೂ ಬೇರಿಂಗ್ ಒಂದನ್ನು ಮುಂದಿಟ್ಟುಕೊಂಡು ಕೂತದ್ದೇ ಇಲ್ಲ.

ಗಣಿತ ಮಾತ್ರ ಚೆಲುವಾಗಿತ್ತು. ರಂಧ್ರಗಳೊಳಗಿನ ಹರಿವಿಗೆ ಡಾರ್ಸಿಯ ನಿಯಮ, ಅದು 1856ರಲ್ಲಿ ಫ್ರಾನ್ಸಿನ ದಿಜೋನ್ ಊರಿನ ಕುಡಿಯುವ ನೀರಿಗೆ ಮರಳಿನ ಸೋಸುಗ ಕಟ್ಟುವಾಗ ಹುಟ್ಟಿದ್ದು. ಪದರದೊಳಗೆ ರೆನಾಲ್ಡ್ಸರ ಸಮೀಕರಣ. ಎರಡನ್ನೂ ಗಡಿಯಲ್ಲಿ ಜೋಡಿಸಿದರೆ, ದುಂಡು ತಟ್ಟೆಗಳಿಗೆ ಉತ್ತರ ಬೆಸೆಲ್ ಫಲನಗಳ ಅನಂತ ಶ್ರೇಣಿಯಾಗಿ ಬರುತ್ತದೆ. ಆ ಫಲನದ ಸೊನ್ನೆಗಳು 2.4048, 5.5201, 8.6537 ಎಂದು ಸಾಗುತ್ತವೆ. ನನಗೆ ಈಗಲೂ ಮನೆಯ ಫೋನ್ ನಂಬರಿಗಿಂತ ಮೊದಲು ಅವು ನೆನಪಿಗೆ ಬರುತ್ತವೆ. ಮೊದಮೊದಲು ಕೈಯಿಂದ ತಿರುಗಿಸುವ ಫೆಸಿಟ್ ಯಂತ್ರದಲ್ಲಿ ಲೆಕ್ಕ. ಹಿಡಿ ತಿರುಗಿಸಿ ತಿರುಗಿಸಿ ಬಲಗೈ ಸೋಲುತ್ತಿತ್ತು. ಆಮೇಲೆ ಪರಿಚಯದವರೊಬ್ಬರ ದಯೆಯಿಂದ ಪಿಆರ್‌ಎಲ್‌ನ ಐಬಿಎಂ 360 ಗಣಕಯಂತ್ರದ ಬಾಗಿಲು ತೆರೆಯಿತು. ಕಾರ್ಡುಗಳಿಗೆ ತೂತು ಹೊಡೆಸಿ, ರಬ್ಬರ್ ಬ್ಯಾಂಡ್ ಹಾಕಿ ಕಿಟಕಿಯಲ್ಲಿ ಕೊಟ್ಟು ಬರುವುದು, ಮರುದಿನ ಅಗಲ ಕಾಗದದ ಮಡಿಕೆ ತೆಗೆದುಕೊಳ್ಳುವುದು. ಒಂದು ಅಲ್ಪವಿರಾಮ ತಪ್ಪಿದರೆ ಮತ್ತೊಂದು ದಿನ. ಹೊಟ್ಟೆಯಲ್ಲಿ ಮಗಳಿದ್ದಾಗ ಆ ಕಾರ್ಡುಗಳ ಪೆಟ್ಟಿಗೆ ಹಿಡಿದು ಮೇ ತಿಂಗಳ ಬಿಸಿಲಲ್ಲಿ ನಡೆದದ್ದು ನೆನೆದರೆ ಇಂದಿಗೂ ನನಗೆ ಆ ಹುಡುಗಿಯ ಬಗ್ಗೆ, ಅಂದರೆ ಆಗಿನ ನನ್ನ ಬಗ್ಗೆ, ಪ್ರೀತಿ ಉಕ್ಕುತ್ತದೆ.

ನನ್ನ ಮಹಾಪ್ರಬಂಧ ಮುಗಿಯುವ ಹೊತ್ತಿಗೆ, ತರಗತಿಯಲ್ಲಿ ಅವಕಲ ಸಮೀಕರಣ ಕಲಿಸುತ್ತ ಈ ಎಣ್ಣೆ ಪದರವನ್ನೇ ಉದಾಹರಣೆಗೆ ತೆಗೆದುಕೊಂಡೆ. ಎರಡು ನುಣುಪಾದ ತಟ್ಟೆಗಳು, ನಡುವೆ ಎಣ್ಣೆ, ಮೇಲಿನ ತಟ್ಟೆಯ ಮೇಲೆ ಭಾರ. ತಟ್ಟೆ ಇಳಿಯುವ ವೇಗ ಪದರದ ದಪ್ಪದ ಘನಕ್ಕೆ ತಕ್ಕಂತೆ. ಬಿಡಿಸಿದರೆ ಗೊತ್ತಾಗುತ್ತದೆ: ದಪ್ಪ ಅರ್ಧಕ್ಕಿಳಿಯಲು ಒಂದಿಷ್ಟು ಹೊತ್ತು, ಅದರ ಅರ್ಧಕ್ಕಿಳಿಯಲು ನಾಲ್ಕು ಪಟ್ಟು ಹೊತ್ತು, ಮತ್ತೂ ಅರ್ಧಕ್ಕೆ ಹದಿನಾರು ಪಟ್ಟು. ತಟ್ಟೆಗಳು ಎಂದೂ ಮುಟ್ಟುವುದಿಲ್ಲ. ಬೋರ್ಡಿನ ಮೇಲೆ ಬರೆದು ನಾನು ತಿರುಗಿದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. ಗೋಮತಿಪುರದವನು, ಅಪ್ಪ ಗಿರಣಿಯಲ್ಲಿ, ಇವನು ಸಂಜೆ ಫ್ಯಾನ್ ರಿಪೇರಿ ಅಂಗಡಿಯಲ್ಲಿ. "ಬೆನ್, ತೋ ಪಛೀ ಬುಶ್ ಘಸಾಯ್ ಕೇಮ್?" ಎಂದ. ಅಕ್ಕಾ, ಹಾಗಾದರೆ ಬುಶ್ ಸವೆಯುವುದೇಕೆ?

ನಾನು ಅದುವರೆಗೆ ಓದಿದ ಯಾವ ಪರೀಕ್ಷಕರ ವರದಿಯಲ್ಲೂ ಇಷ್ಟು ನೇರವಾದ ಪ್ರಶ್ನೆ ಇರಲಿಲ್ಲ. ಮೇಲ್ಮೈ ನುಣುಪಲ್ಲ, ಉಬ್ಬುತಗ್ಗು ಇದೆ. ಫ್ಯಾನ್ ನಿಂತಾಗ, ಶುರುವಾಗುವಾಗ ಪದರವೇ ಇರುವುದಿಲ್ಲ. ಧೂಳು ಇದೆ. ಬುಶ್ ರಂಧ್ರಮಯವಾಗಿದ್ದರೆ ಎಣ್ಣೆ ಅದರೊಳಗೇ ಇಳಿದುಬಿಡುತ್ತದೆ, ಆಗ ಲೆಕ್ಕದಲ್ಲೂ ತಟ್ಟೆಗಳು ಸ್ವಲ್ಪ ಹೊತ್ತಿನಲ್ಲಿ ಮುಟ್ಟುತ್ತವೆ. ಇದಿಷ್ಟನ್ನು ಆ ದಿನವೇ ಹೇಳಿದೆ. ಅವನು ಕೇಳಿಕೊಂಡ. ನಾಳೆ ಅಂಗಡಿಯ ಮಿಸ್ತ್ರಿಯನ್ನು ಕೇಳುತ್ತೇನೆ ಅಂದ. ಮುಂದಿನ ಭಾನುವಾರ ಮಿಸ್ತ್ರಿಯನ್ನೇ ನಮ್ಮ ಮನೆಗೆ ಕರೆದುಕೊಂಡು ಬಂದ.

ಮಿಸ್ತ್ರಿಗೆ ಐವತ್ತರ ಮೇಲೆ ವಯಸ್ಸು. ಜೇಬಿನಿಂದ ಹೊಸ ಕಂಚಿನ ಬುಶ್ ತೆಗೆದು ನನ್ನ ಅಂಗೈಯಲ್ಲಿಟ್ಟರು. ಕಂಚಿನ ಪುಡಿಯನ್ನು ಒತ್ತಿ, ಕರಗದಷ್ಟು ಕಾಸಿ ಮಾಡುವ ಬುಶ್ ಅದು. ಗಾತ್ರದ ಐದನೇ ಒಂದು ಪಾಲಿನಷ್ಟು ಖಾಲಿ ರಂಧ್ರ, ಅದರಲ್ಲೇ ಎಣ್ಣೆ ತುಂಬಿರುತ್ತದೆ. ಐದು ವರ್ಷ ನಾನು ಅದರ ಮೇಲೆ ಬರೆದಿದ್ದೆ, ಕೈಯಲ್ಲಿ ಹಿಡಿದದ್ದು ಅಂದೇ. ನೆಲದ ಮೇಲೆ ಕೂತು ಅವರು ಬುಶ್ಶಿನ ಕೆಳಬಾಯಿಯನ್ನು ತೋರುಬೆರಳಿನಿಂದ ಮುಚ್ಚಿದರು. ತೂತಿನ ತುಂಬ ಹೊಲಿಗೆ ಯಂತ್ರದ ಎಣ್ಣೆ ಹಾಕಿದರು. ಮೇಲ್ಬಾಯಿಗೆ ಹೆಬ್ಬೆರಳಿಟ್ಟು ಬಲವಾಗಿ ಒತ್ತಿದರು. ಏನೂ ಆಗಲಿಲ್ಲ. ಮತ್ತೆ ಒತ್ತಿದರು. ಕಂಚಿನ ಹೊರಮೈಯಲ್ಲಿ ಬೆವರಿನ ಹನಿಗಳಂತೆ ಎಣ್ಣೆ ಮೂಡಿತು, ಸುತ್ತಲೂ, ಸಮನಾಗಿ. "ಇದು ಜೀವಂತ ಇದೆ," ಎಂದರು. ಇನ್ನೊಂದು ಬುಶ್ ತೆಗೆದರು. ಅದರ ಒಳಮೈಯನ್ನು ಯಾರೋ ರೀಮರ್ ಹಾಕಿ ಉಜ್ಜಿ ದಂಡಕ್ಕೆ ಹೊಂದಿಸಿದ್ದರು. ಎಷ್ಟು ಒತ್ತಿದರೂ ಹನಿ ಬರಲಿಲ್ಲ. ಉಜ್ಜುವಾಗ ಕಂಚು ಸವರಿಕೊಂಡು ರಂಧ್ರಗಳ ಬಾಯಿ ಮುಚ್ಚಿಹೋಗಿತ್ತು. "ಇದನ್ನು ಹಾಕಿದರೆ ಎರಡು ತಿಂಗಳು. ಓದಿದ ಇಂಜಿನಿಯರರೂ ಇದನ್ನೇ ಮಾಡುತ್ತಾರೆ ಬೆನ್." ನಮ್ಮ ಮನೆಯವರು ಪಕ್ಕದಲ್ಲೇ ನಿಂತು, ಹೌದು ಎಂದು ತಲೆಯಾಡಿಸಿದರು.

ನಾನು ಬರೆದ ಅಷ್ಟೂ ಸಮೀಕರಣಗಳಲ್ಲಿ ರಂಧ್ರಶೀಲತೆ ಒಂದು ಸ್ಥಿರಾಂಕ. ಬುಶ್ಶಿನ ಒಳಗೂ ಅಷ್ಟೇ, ಮೈ ಮೇಲೂ ಅಷ್ಟೇ. ಮಿಸ್ತ್ರಿಯ ಹೆಬ್ಬೆರಳು ತೋರಿಸಿದ್ದು ಬೇರೆ: ಕೆಲಸವೆಲ್ಲ ನಡೆಯುವುದು ಮೈಯ ಆ ಅತಿ ತೆಳುವಾದ ಚರ್ಮದಲ್ಲಿ, ಅಲ್ಲಿ ಅದು ಸ್ಥಿರವಲ್ಲ. ಸೋಮವಾರ ಬೆಳಿಗ್ಗೆ ಗೈಡ್ ಬಳಿ ಓಡಿದೆ. ಅವರು ಸಾವಧಾನವಾಗಿ ಕೇಳಿ, "ಹಾಗೆ ತೆಗೆದುಕೊಂಡರೆ ಉತ್ತರ ಮುಚ್ಚಿದ ರೂಪದಲ್ಲಿ ಬರುವುದಿಲ್ಲ. ಮೊದಲು ಪದವಿ ಮುಗಿಯಲಿ," ಎಂದರು. ಆಗಿನ ಕಾಲಕ್ಕೆ, ಕೈಯಲ್ಲಿ ಕೂಸಿದ್ದ ನನ್ನ ಸ್ಥಿತಿಗೆ, ಅದು ಹಿತವಚನ. ಅವರ ಮೇಲೆ ನನಗೆ ಕಹಿಯಿಲ್ಲ. ಆದರೆ 'ಮೊದಲು' ಎಂದು ಮುಂದೆ ಹಾಕಿದ್ದು ನಮ್ಮ ಇಡೀ ವಲಯದಲ್ಲಿ ಮುಂದೆಯೇ ಉಳಿಯಿತು, ಮೂವತ್ತು ವರ್ಷ.

ಏನಾಯಿತೆಂದು ಬಿಚ್ಚಿ ಹೇಳಬೇಕು, ಯಾಕೆಂದರೆ ಈಗಲೂ ಹಾಗೆಯೇ ನಡೆದಿದೆ. ಒಂದು ಬೇರಿಂಗಿನ ಸಮಸ್ಯೆ ಬಿಡಿಸಿದ್ದಾಯಿತು. ದುಂಡು ತಟ್ಟೆಯ ಜಾಗದಲ್ಲಿ ಆಯತ ಇಡಿ, ಇನ್ನೊಂದು ಪ್ರಬಂಧ. ಆಯತದ ಜಾಗದಲ್ಲಿ ಶಂಕು, ಮತ್ತೊಂದು. ಗಡಿಯಲ್ಲಿ ದ್ರವ ಜಾರುತ್ತದೆಂದು 1967ರಲ್ಲಿ ಬೀವರ್ಸ್ ಮತ್ತು ಜೋಸೆಫ್ ಪ್ರಯೋಗ ಮಾಡಿ ತೋರಿಸಿದರು, ಅದನ್ನು ಸೇರಿಸಿ ಹಳೆಯವನ್ನೆಲ್ಲ ಮತ್ತೊಮ್ಮೆ. ಆಮೇಲೆ ಕಾಂತ ದ್ರವ ಬಂತು. ಕಬ್ಬಿಣದ ಆಕ್ಸೈಡಿನ ಅತಿ ಸೂಕ್ಷ್ಮ ಕಣಗಳನ್ನು ಎಣ್ಣೆಯಲ್ಲಿ ತೇಲಿಸಿದ ಆ ದ್ರವ 1960ರ ದಶಕದಲ್ಲಿ ಅಮೆರಿಕದ ನಾಸಾದಲ್ಲಿ ರಾಕೆಟ್ ಇಂಧನದ ಚಿಂತೆಯಿಂದ ಹುಟ್ಟಿದ್ದು. ನಮ್ಮಲ್ಲಿ ಅದು ಸಮೀಕರಣಕ್ಕೆ ಇನ್ನೊಂದು ಪದವಾಗಿ ಬಂತು. ಎಣ್ಣೆಯ ಬದಲು ಕಾಂತ ದ್ರವ ಹಾಕಿದರೆ ಭಾರ ಹೊರುವ ಶಕ್ತಿ ಹೆಚ್ಚುತ್ತದೆ ಎಂದು ಎಲ್ಲ ಪ್ರಬಂಧಗಳ ಕೊನೆಯಲ್ಲೂ ಬರೆದಿರುತ್ತದೆ. ಹೆಚ್ಚಲೇಬೇಕು, ಹೆಚ್ಚುವಂಥ ಕಾಂತಕ್ಷೇತ್ರವನ್ನೇ ಆರಿಸಿಕೊಂಡಿರುತ್ತೇವೆ. ಆ ಕ್ಷೇತ್ರವನ್ನು ಒಂದು ಬುಶ್ಶಿನೊಳಗೆ ಹುಟ್ಟಿಸುವ ಆಯಸ್ಕಾಂತವನ್ನು ಎಲ್ಲಿ ಕೂರಿಸಬೇಕು ಎಂಬ ಮಾತು ಬಹುತೇಕ ಕಡೆ ಇಲ್ಲ. ಗಣಿತದಲ್ಲಿ ತಪ್ಪಿಲ್ಲ. ಪ್ರಾಮಾಣಿಕ ಜನ ಹಗಲೂ ರಾತ್ರಿ ಕೂತು ಮಾಡಿದ ಲೆಕ್ಕ. ಬಡ್ತಿಗೆ ಪ್ರಬಂಧ ಬೇಕು, ಪ್ರಯೋಗಾಲಯಕ್ಕೆ ದುಡ್ಡಿಲ್ಲ, ಗಣಿತದವರು ಯಂತ್ರ ಮುಟ್ಟುವ ರೂಢಿಯಿಲ್ಲ. ಹೀಗಿರುವಾಗ ಬೇರೆ ಇನ್ನೇನು ಬೆಳೆಯುತ್ತದೆ? ಆದರೂ ಅದನ್ನು ಅನ್ವಯಿಕ ಎಂದು ಕರೆಯಲು ನನಗೀಗ ನಾಲಿಗೆ ಏಳುವುದಿಲ್ಲ.

ನದಿಯಾಚೆ ಗಿರಣಿಗಳು ಆ ಹೊತ್ತಿಗೆ ಒಂದೊಂದಾಗಿ ಬಾಗಿಲು ಹಾಕುತ್ತಿದ್ದವು. 1980ರ ದಶಕ ಅಹಮದಾಬಾದಿನ ಗಿರಣಿಗಳ ಪಾಲಿನ ಕೆಟ್ಟ ಕಾಲ. ಹಳೆಯ ಯಂತ್ರಗಳು, ಸೂರತ್ತಿನ ಪವರ್‌ಲೂಮಿನಿಂದ ಬರುವ ಅಗ್ಗದ ನೈಲಾನ್, ಪಾಲಿಯೆಸ್ಟರ್. ನಮ್ಮ ಮನೆಯವರ ಗಿರಣಿಯೂ ನಿಂತಿತು. ಅವರು ಸೂರತ್ತಿನಲ್ಲಿ ಕೆಲಸ ಹಿಡಿದು ವಾರಕ್ಕೊಮ್ಮೆ ಮನೆಗೆ ಬರತೊಡಗಿದರು. ಅವರಿಗೆ ಸೂರತ್ ಇತ್ತು. ಮಗ್ಗಕ್ಕೆ ನಿಂತವರಿಗೆ, ನೂಲು ಕಟ್ಟುವವರಿಗೆ ಏನೂ ಇರಲಿಲ್ಲ. ಕಾಲೇಜಿನ ಹಾಜರಿ ಪುಸ್ತಕದಲ್ಲಿ ಅದು ಕಾಣುತ್ತಿತ್ತು. ಗೋಮತಿಪುರ, ಸರಸಪುರದ ಹೆಸರುಗಳ ಮುಂದೆ ಮೊದಲು ಗೈರುಹಾಜರಿ, ಆಮೇಲೆ ಕೆಂಪು ಗೆರೆ. ಆ ಪ್ರಶ್ನೆ ಕೇಳಿದ ಹುಡುಗ ಅಷ್ಟರಲ್ಲಿ ಬಿ.ಎಸ್ಸಿ. ಮುಗಿಸಿ ತನ್ನದೇ ಅಂಗಡಿ ಹಾಕಿದ್ದ. ಎಂ.ಎಸ್ಸಿ.ಗೆ ಬಾ ಎಂದು ಅವನ ಮನೆಗೆ ಹೋಗಿ ಕೇಳಿದ್ದೆ. ಅಪ್ಪನ ಕೆಲಸ ಹೋಗಿತ್ತು, ಇಬ್ಬರು ತಂಗಿಯರು. ಅವನು ಗಣಿತಕ್ಕೆ ದಕ್ಕಬೇಕಿದ್ದ ಮನುಷ್ಯ. ಇದು ನನಗೆ ಇಂದಿಗೂ ಆರದ ನೋವು.

1990ರ ದಶಕದಲ್ಲಿ ನಾನು ಮೊಣಕಾಲಿಗೆ ಬಂದೆ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಎನ್. ರುದ್ರಯ್ಯ ಅವರು ದ್ರವಗಳ ಗಣಿತಕ್ಕೆ ಕಟ್ಟಿದ್ದ ಕೇಂದ್ರಕ್ಕೆ ರಜೆಯಲ್ಲಿ ಹೋಗಿದ್ದಾಗ ಆ ಕಡೆ ಮನಸ್ಸು ಹೊರಳಿತು. ಮೂಳೆಯ ತುದಿಗೆ ಹೊದಿಸಿದ ಮೃದ್ವಸ್ಥಿ ಕೂಡ ರಂಧ್ರಮಯ. ಭಾರ ಬಿದ್ದಾಗ ಅದರೊಳಗಿನ ದ್ರವ ಒಸರಿ ಕೀಲನ್ನು ನೆನೆಸುತ್ತದೆಂದು ಮೆಕಚನ್ 1959ರಲ್ಲಿ ಹೇಳಿದರು. ಅಲ್ಲ, ದ್ರವದ ನೀರಿನಂಶ ಮೃದ್ವಸ್ಥಿಯೊಳಗೆ ಇಳಿದು, ಉಳಿದದ್ದು ಗಟ್ಟಿಯಾಗಿ ಕಾಪಾಡುತ್ತದೆಂದು ಇಂಗ್ಲೆಂಡಿನ ಲೀಡ್ಸಿನವರು 1960ರ ದಶಕದ ಕೊನೆಯಲ್ಲಿ ವಾದಿಸಿದರು. ದ್ರವ ಹೊರಗೆ ಬರುತ್ತದೆಯೋ ಒಳಗೆ ಹೋಗುತ್ತದೆಯೋ? ಮಿಸ್ತ್ರಿಯ ಹೆಬ್ಬೆರಳನ್ನು ಕಂಡ ನನಗೆ ಈ ಜಗಳ ಬಹಳ ಹತ್ತಿರದ್ದೆನಿಸಿತು. ಬರೆದೆ, ಉತ್ಸಾಹದಿಂದಲೇ ಬರೆದೆ. ಇಂದು ತೆಗೆದು ಓದಿದರೆ ಅವುಗಳಲ್ಲಿ ಒಂದು ಪ್ರಬಂಧ ನಿಲ್ಲುತ್ತದೆ, ಮೃದ್ವಸ್ಥಿಯ ಮೇಲ್ಪದರವನ್ನು ಬೇರೆಯಾಗಿ ತೆಗೆದುಕೊಂಡದ್ದು. ಉಳಿದವು ಬೇರಿಂಗಿನ ಲೆಕ್ಕಗಳೇ, ಹೆಸರು ಬದಲಾಗಿದೆ. ಜೀವಂತ ಮೃದ್ವಸ್ಥಿ ಸವೆತವನ್ನು ಸ್ವಲ್ಪಮಟ್ಟಿಗಾದರೂ ತುಂಬಿಕೊಳ್ಳುತ್ತದೆ, ವಯಸ್ಸಾದಂತೆ ಅದನ್ನೂ ಬಿಡುತ್ತದೆ. ಅದಕ್ಕೆ ನಮ್ಮ ಯಾವ ಸಮೀಕರಣದಲ್ಲೂ ಒಂದು ಅಕ್ಷರವಿರಲಿಲ್ಲ.

ನಿವೃತ್ತಿಗೆ ಮುಂಚೆ ನನ್ನಲ್ಲಿ ಸಂಶೋಧನೆಗೆ ಬಂದ ಕೊನೆಯ ಹುಡುಗಿ ಜಾಮನಗರದವಳು. ಹಿತ್ತಾಳೆಯ ಬಿಡಿಭಾಗ ಮಾಡುವ ಸಣ್ಣ ಕಾರ್ಖಾನೆಯ ಮನೆ. ಕಾಂತ ದ್ರವದ ಮೇಲೆ ಮಾಡುತ್ತೇನೆ ಮೇಡಂ, ಬೇಗ ಮುಗಿಯುತ್ತದೆ ಅಂದಳು. ನಾನು ಅವಳ ಕೈಗೆ ಒಂದು ಬುಶ್ ಕೊಟ್ಟು, ಮಿಸ್ತ್ರಿ ಮಾಡಿದಂತೆ ಒತ್ತಿಸಿದೆ. ಹನಿ ಬಂದಾಗ ಅವಳ ಮುಖ ನೋಡಿ, ಇವಳು ಮಾಡುತ್ತಾಳೆ ಅನಿಸಿತು. ಕಾಲೇಜಿನ ತಾರಸಿಯಿಂದ ಕೆಳಗೆ ಒಂದು ಉದ್ದ ಪ್ಲಾಸ್ಟಿಕ್ ನಳಿಗೆ ಇಳಿಬಿಟ್ಟು, ಮೇಲೆ ಎಣ್ಣೆ ತುಂಬಿ, ಕೆಳಗೆ ಬುಶ್ ಸಿಕ್ಕಿಸಿ, ಒಸರಿದ ಎಣ್ಣೆಯನ್ನು ಅಳತೆಯ ಗಾಜಿನಲ್ಲಿ ಹಿಡಿದಳು. ಡಾರ್ಸಿ ದಿಜೋನಿನಲ್ಲಿ ಮಾಡಿದ್ದು ಇದನ್ನೇ. ಮೊದಲ ವಾರ ಅಂಕಿಗಳು ಒಂದಕ್ಕೊಂದು ಕೂಡಲಿಲ್ಲ. ಅಹಮದಾಬಾದಿನ ಬೇಸಗೆಯಲ್ಲಿ ಬೆಳಗಿನ ಎಣ್ಣೆ ಬೇರೆ, ಮಧ್ಯಾಹ್ನದ ಎಣ್ಣೆ ಬೇರೆ. ಕಾವು ಏರಿದರೆ ಅದು ತೆಳುವಾಗುತ್ತದೆ. ಆಮೇಲೆ ಅವಳು ಸೂರ್ಯ ಹುಟ್ಟುವ ಮುಂಚೆ ಬಂದು, ಕಾವಲುಗಾರನಿಂದ ಗೇಟು ತೆಗೆಸಿ ಅಳೆಯತೊಡಗಿದಳು. ರೀಮರ್ ಹಾಕುವ ಮುಂಚೆ, ಹಾಕಿದ ಮೇಲೆ. ಎರಡು ಪದರದ ಬೇರಿಂಗಿನ ಲೆಕ್ಕವನ್ನು ಹೊರದೇಶದಲ್ಲಿ ಆಗಲೇ ಮಾಡಿದ್ದರೆಂದು ಅವಳೇ ಹುಡುಕಿ ತಂದಳು, ಎದೆಗುಂದಲಿಲ್ಲ. ಅವರ ಲೆಕ್ಕಕ್ಕೆ ಹಾಕಲು ತನ್ನ ಬಳಿ ಅಂಕಿಗಳಿವೆ ಅಂದಳು.

ಮೌಖಿಕ ಪರೀಕ್ಷೆಗೆ ಹೊರಗಿನಿಂದ ಬಂದ ಪರೀಕ್ಷಕರು ನಳಿಗೆಯ ಚಿತ್ರವನ್ನು ಬಹಳ ಹೊತ್ತು ನೋಡಿ, "ಇದು ಗಣಿತ ವಿಭಾಗದ ಕೆಲಸವೇ?" ಎಂದು ಕೇಳಿದರು. ಅವಳು ಎದ್ದು ಬೋರ್ಡಿನ ಕಡೆ ಹೋದಳು. ರಂಧ್ರಶೀಲತೆ ಸ್ಥಿರವೆಂದು ಹಿಡಿದ ಉತ್ತರ ಒಂದು ಕಡೆ, ತಾನು ಅಳೆದ ಅಂಕಿಗಳಿಂದ ಬಂದ ಉತ್ತರ ಇನ್ನೊಂದು ಕಡೆ ಬರೆದು, ಎರಡರ ನಡುವಿನ ಅಂತರ ಬುಶ್ಶಿನ ಆಯುಸ್ಸಿನಲ್ಲಿ ಎಷ್ಟಾಗುತ್ತದೆಂದು ಗುಜರಾತಿಯಲ್ಲಿ ವಿವರಿಸಿದಳು. ಪರೀಕ್ಷಕರು ಮಧ್ಯೆ ಮಧ್ಯೆ ತಡೆದು ಪ್ರಶ್ನೆ ಹಾಕಿದರು, ಅವಳು ಉತ್ತರಿಸಿದಳು. ಊಟದ ಹೊತ್ತು ಮೀರಿತು. ಕೊನೆಗೆ ಅವರು ಆ ಅಳತೆಯ ಪಟ್ಟಿಯ ಒಂದು ಪ್ರತಿ ತಮಗೆ ಬೇಕೆಂದು ಕೇಳಿ ಪಡೆದುಕೊಂಡರು. ಅವಳು ಈಗ ಒಂದು ಪಾಲಿಟೆಕ್ನಿಕ್‌ನಲ್ಲಿ ಗಣಿತ ಕಲಿಸುತ್ತಾಳೆ. ಅವಳ ಮೊದಲ ಸೆಮಿಸ್ಟರಿನ ಮಕ್ಕಳು ಸಮೀಕರಣ ಬರೆಯುವ ಮುಂಚೆ ಬುಶ್ ಒತ್ತುತ್ತಾರೆ, ಅದಕ್ಕೆ ಬೇಕಾದ ಎಣ್ಣೆಯ ಖರ್ಚನ್ನು ಗಣಿತ ವಿಭಾಗದ ಲೆಕ್ಕಕ್ಕೆ ಹಾಕಿಸಲು ಅವಳು ಪ್ರತಿವರ್ಷ ಅರ್ಜಿ ಬರೆಯುತ್ತಾಳೆ.